ಶ್ರೀ ಎಂಬ ಒಂದೇ ಫೈಲು

ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಇಂಟರ್‌ನೆಟ್ ಬಂದ ಹೊಸತು. ಮಾರನೆಯ ದಿನ ಸೆಮಿನಾರಿನಲ್ಲಿ ರೇಷ್ಮೆಹುಳುವಿನ ರೋಗಗಳ ಬಗ್ಗೆ ನಾನು ಮಾತಾಡಬೇಕಿತ್ತು. ಕಾಲೇಜಿಗೆ ಹೊರಡುವಾಗ ಇಪ್ಪತ್ತಾರು ಪುಟಗಳ ವಿಳಾಸ ಬರೆದುಕೊಟ್ಟು, "ಒಂದೊಂದನ್ನೂ ತೆರೆದು, ಹೆಸರು ಕೊಟ್ಟು ಸೇವ್ ಮಾಡಿಡಿ ಮಾವ" ಎಂದೆ. ಮಾವನವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಕಂಪ್ಯೂಟರ್ ಆಗಷ್ಟೇ ಕಲಿತಿದ್ದರು.

ಸಂಜೆ ಬಂದು ನೋಡಿದರೆ ಇದ್ದದ್ದು ಒಂದೇ ಫೈಲು. ಇಂಗ್ಲಿಷ್ ಅಕ್ಷರದಲ್ಲಿ ಅದರ ಹೆಸರು "ಶ್ರೀ".

"ಮಿಕ್ಕಿದ್ದೆಲ್ಲ ಎಲ್ಲಿ ಮಾವ?"

"ಎಲ್ಲಾ ಮಾಡಿದೀನಲ್ಲಮ್ಮ. ಯಾವ ಕಾಗದಕ್ಕೇ ಆಗ್ಲಿ, ಮೊದಲು ಶ್ರೀ ತಾನೇ ಬರೆಯೋದು? ಇಪ್ಪತ್ತಾರಕ್ಕೂ ಬರ್ದೆ."

"ಈ ಹೆಸರಿನದು ಆಗಲೇ ಇದೆ, ಅದನ್ನ ತೆಗೆದು ಇದನ್ನ ಇಡಲಾ ಅಂತ ಕೇಳಲಿಲ್ವಾ?"

"ಪ್ರತಿ ಸಲವೂ ಕೇಳ್ತು ಕಣಮ್ಮ. ಅಷ್ಟು ಮರ್ಯಾದೆಯಾಗಿ ಕೇಳೋವಾಗ ಬೇಡ ಅನ್ನೋಕಾಗತ್ತಾ? ಹೂಂ ಅಂದ್ಬುಟ್ಟೆ."

ಮಾವನವರನ್ನು ಬೈಯುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ಮೌಸನ್ನು ಮೇಜಿಗೆ ಕುಕ್ಕಿದೆ. ಇಪ್ಪತ್ತೈದನ್ನು ನುಂಗಿ ಉಳಿದ ಆ ಒಂದು ಪುಟವಾದರೂ ಕೆಲಸಕ್ಕೆ ಬರಲಿ ಎಂದು ತೆರೆದೆ. ಪರದೆಯ ಮೇಲೆ ಒಂದೇ ಸಾಲು: ನೀವು ಕೇಳಿದ ಪುಟ ಸಿಗಲಿಲ್ಲ.

ಅದನ್ನೂ ಬಿಡದೆ, ಶ್ರೀಕಾರ ಹಾಕಿ, ಜೋಪಾನವಾಗಿ ಉಳಿಸಿದ್ದರು.