ನಾಜ್ನೀನಳ ಕೈ ಅದುರಿದ್ದು

ಶಮೀಮಕ್ಕ, ನಿಮ್ಮ ಮಗಳು ನಾಜ್ನೀನಳಿಗೆ ಫಿಟ್ಸ್ ಇದೆ ಎಂದು ನೀವು ನಂಬುವಂತೆ ಮಾಡಿದವಳು ನಾನು. ಆವತ್ತು ಅವಳ ಕೈ ಅದುರಿದ್ದು ಅರಿವಳಿಕೆಯ ಗ್ಯಾಸಿನಿಂದ. ಅದು ನನಗೆ ಗೊತ್ತಿತ್ತು.

ತಿಪಟೂರಿನ ಆ ನರ್ಸಿಂಗ್ ಹೋಮಿನಲ್ಲಿ ಅರಿವಳಿಕೆ ಡಾಕ್ಟರಿಗೆ ಸಹಾಯಕಿಯಾಗಿ ಸೇರಿದ ಹೊಸತು. ಟಾನ್ಸಿಲ್ ಆಪರೇಷನ್ನಿಗೆ ಮಲಗಿಸಿದ್ದ ಪುಟ್ಟ ನಾಜ್ನೀನ್ ಮಾಸ್ಕ್ ಹಿಡಿದರೆ ಕೊಸರಾಡುತ್ತಿದ್ದಳು. ಸೂಜಿ ಹಾಕಲು ನರ ಹುಡುಕುತ್ತಿದ್ದ ಡಾಕ್ಟರು, "ನಿಧಾನಕ್ಕೆ ಏರಿಸಮ್ಮ" ಅಂದರು. ನಾನು — ಬೇಗ ನಿದ್ದೆ ಬರಲಿ, ನನ್ನ ಚುರುಕು ನೋಡಲಿ ಅಂತ — ಗ್ಯಾಸನ್ನು ಒಮ್ಮೆಲೇ ಪೂರ್ತಿ ತಿರುಗಿಸಿ, ಉಸಿರಿನ ಚೀಲವನ್ನು ಗಬಗಬನೆ ಒತ್ತಿದೆ. ಅವಳ ಎರಡೂ ಕೈ ಜಗ್ಗಿ ಜಗ್ಗಿ ಅದುರಿದವು. ಕಣ್ಣು ಮೇಲಾಯಿತು. ಡಾಕ್ಟರು ಕೈ ಚಾಚಿ ಗ್ಯಾಸ್ ಇಳಿಸಿದರು, ಔಷಧಿ ಕೊಟ್ಟರು. ನಿಂತಿತು. ಆಪರೇಷನ್ ಸರಿಯಾಗೇ ಮುಗಿಯಿತು.

"ಗ್ಯಾಸ್ ಜಾಸ್ತಿ ಆದ್ರೆ ಕೆಲವು ಮಕ್ಕಳ ಮೆದುಳು ಹಿಂಗೆ ಕೆರಳುತ್ತೆ, ಕಾಯಿಲೆ ಅಲ್ಲ. ತಾಯಿಗೆ ಬಿಡಿಸಿ ಹೇಳ್ಬುಡು" ಎಂದು ಡಾಕ್ಟರು ತುರುವೇಕೆರೆಯ ಇನ್ನೊಂದು ಕೇಸಿಗೆ ಹೊರಟರು.

ಹೇಳಲೆಂದೇ ಹೊರಗೆ ಬಂದೆ. ಅವಳು ಅದುರಿದ್ದನ್ನು ನೀವು ಬಾಗಿಲ ಸಂದಿಯಿಂದ ನೋಡಿಬಿಟ್ಟಿದ್ದಿರಿ. "ಏನಾಯ್ತು ಕಣಮ್ಮ ನನ್ ಮಗೀಗೆ? ಓದಿರೋಳು ನೀನು, ನೀನೇ ಹೇಳು."

ಓದಿರೋಳು! ಅರಳಗುಪ್ಪೆಯ ತೆಂಗಿನಕಾಯಿ ಸುಲಿಯುವವರ ಮಗಳಿಗೆ, ಮನೆತನಕ್ಕೇ ಮೊದಲ ಡಿಗ್ರಿ ತಂದವಳಿಗೆ — ನನ್ನ ಕೈಯ ತಪ್ಪು ಎನ್ನಲು ನಾಲಿಗೆ ಏಳಲಿಲ್ಲ.

"ಮೊದ್ಲೂ ಹಿಂಗಾಗಿತ್ತಾ ಅಕ್ಕ?" ಅಂದೆ.

ಸುಳ್ಳು ಹೇಳಲಿಲ್ಲ, ಕೇಳಿದೆ ಅಷ್ಟೇ — ಎಂದು ಎಷ್ಟು ವರ್ಷ ನನಗೆ ನಾನೇ... ನೀವು ಪಾಪ ನೆನಪನ್ನೆಲ್ಲ ತಡಕಾಡಿದಿರಿ. "ಜ್ವರ ಬಂದಾಗ ಒಂದ್ಸಲ ನಡುಗಿದ್ಲು ಕಣಮ್ಮ..." ನಾನು ತಲೆಯಾಡಿಸಿದೆ. ಅದನ್ನೇ ನೀವು ಬೇರೆ ಡಾಕ್ಟರ ಮುಂದೆಯೂ ಹೇಳಿದಿರಿ, ಫಿಟ್ಸಿನ ಮಾತ್ರೆ ಶುರುವಾಯಿತು.

ಮೊನ್ನೆ ರವಿಕೆ ಹೊಲಿಯಲು ಕೊಡಲು ನಿಮ್ಮ ಅಂಗಡಿಗೆ ಬಂದಾಗ ನಾಜ್ನೀನ್ ಮುಖ ಊದಿಸಿಕೊಂಡು ಕೂತಿದ್ದಳು. "ತುಮಕೂರು ಕಾಲೇಜಲ್ಲಿ ಸೀಟು ಸಿಕ್ಕೈತೆ. ಹಾಸ್ಟೆಲ್ಲಲ್ಲಿ ಫಿಟ್ಸ್ ಬಂದ್ರೆ ಯಾರ್ ನೋಡ್ತಾರೆ? ಬ್ಯಾಡ ಅಂದ್ಬುಟ್ಟೆ" ಎಂದಿರಿ.

"ಬಂದಿದ್ದು ನಾನಂತೂ ನೋಡಿಲ್ಲ" ಎಂದಳು ಅವಳು.

"ಬಂದೋರಿಗೆ ಎಲ್ಲಿ ಗೊತ್ತಾಗುತ್ತೆ ಕಣೇ!" ಎಂದಿರಿ ನೀವು.

ಇಬ್ಬರೂ ನನ್ನ ಮುಖ ನೋಡಿದಿರಿ. ಹಾಸ್ಟೆಲ್ಲಿನಲ್ಲಿದ್ದೇ ಓದಿ ಮನುಷ್ಯಳಾದ ನಾನು — ಅಳತೆ ಕೊಟ್ಟು ಎದ್ದು ಬಂದೆ.

ಭಾನುವಾರ ಮನೆಗೆ ಬರುತ್ತೇನೆ ಅಕ್ಕ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ನರರೋಗದ ಡಾಕ್ಟರ ಹತ್ತಿರ ನಾನೂ ಜೊತೆಗೆ ಬಂದು ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಅದಕ್ಕೂ ಮೊದಲು ನಾಜ್ನೀನಳಿಗೆ ಹೇಳಬೇಕು. ಅವಳು ಬೈಯಲು ಶುರು ಮಾಡಿದರೆ, ದಯವಿಟ್ಟು, ನೀವು ತಡೆಯಬೇಡಿ.