ಸುಣ್ಣದ ಗುಂಡಿಗೆ ನೀರು

ನನ್ನ ಗಂಡ ಸರ್ಕಾರದ ಕಟ್ಟಡ ಇಲಾಖೆಯಲ್ಲಿ ಗಾರೆ ಕೆಲಸದವರು. ಮೂವತ್ತೊಂದು ವರ್ಷ ಒಂದೇ ಕಟ್ಟಡ, ಹಳೆಯ ನ್ಯಾಯಾಲಯ. ಅದು ಪಾರಂಪರಿಕ ಕಟ್ಟಡವಂತೆ, ಸಿಮೆಂಟು ತಾಗಿಸುವಂತಿಲ್ಲ. ಒಂದು ಮೊಳೆ ಹೊಡೆಯಲು ಮೂರು ಸಹಿ ಬೇಕು. ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು, ಆ ಸುಣ್ಣ ನೀರಿನಡಿ ಮೂರು ವರ್ಷ ನೆನೆಯಬೇಕು.

ಕಟ್ಟಡದ ಅಂಗಳದಲ್ಲಿ ಕಾರು ನಿಲ್ಲಿಸಲು ಕಲ್ಲು ಹಾಸಿ, ಸುಣ್ಣ ನೆನೆಸಲು ಜಾಗವಿಲ್ಲದಾದ ಮೇಲೆ ಇವರು ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಗುಂಡಿ ತೋಡಿದರು. "ಮೇಲೆ ಒಂದು ಗೇಣು ನೀರು ನಿಂತಿರ್ಬೇಕು ಕಣೇ. ಒಣಗಿದ್ರೆ ಸತ್ತ ಹಾಗೇನೇ," ಎಂದರು. ನೀರು ಹಾಕುವವಳು ನಾನು. ದಿನಾ ಎರಡು ಕೊಡ. ಪಕ್ಕದ ಮನೆಯವಳು ಕಾಂಪೌಂಡಿನ ಮೇಲಿಂದ ಇಣುಕಿ, "ಸವತಿ ಮಗೂಗೆ ಸ್ನಾನ ಆಯ್ತಾ?" ಎನ್ನುತ್ತಿದ್ದಳು. ನಗುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು.

ನಮ್ಮ ಅಡುಗೆಮನೆಯ ಗೋಡೆ ಒಲೆಯ ಹಿಂದೆಯೇ ಉದುರುತ್ತಿತ್ತು. ಪಾತ್ರೆ ಮುಚ್ಚದಿದ್ದರೆ ಅವತ್ತು ಮಣ್ಣೇ ಊಟ. ಆರು ವರ್ಷ ಹೇಳಿದೆ.

"ಅದೂ ಇಲಾಖೆ ಗೋಡೆನೇ. ಅರ್ಜಿ ಕೊಟ್ಟಿದೀನಿ, ಆಗುತ್ತೆ ಬಿಡು," ಎನ್ನುವರು. ಕೈಯಲ್ಲಿ ಕರಣೆ ಹಿಡಿದುಕೊಂಡೇ ಹೇಳುವರು.

ಇವರು ತೀರಿಹೋಗಿ ಒಂದೂವರೆ ತಿಂಗಳಿಗೆ ಇಲಾಖೆಯ ಎಂಜಿನಿಯರ್ ಮೇಡಂ ಬಂದರು. ಮೂವತ್ತು ದಾಟದ ಹುಡುಗಿ.

"ಕೋರ್ಟಿನ ಗೋಡೆಗೆ ಸಾರ್ವೆ ಕಟ್ಟಿ ಹತ್ತಿದ್ರೆ ಹಾಡ್ತಾನೇ ಇರ್ತಿದ್ರು ಅಮ್ಮ. ನಮ್ಮನ್ನ ನಗಿಸಿ ನಗಿಸಿ ಸಾಕು ಮಾಡೋರು."

"ಯಾರು?"

"ನಿಮ್ಮ ಯಜಮಾನ್ರು."

ಮನೆಯಲ್ಲಿ ಉಪ್ಪು ಬೇಕಾದರೂ ಬಾಯಿ ಬಿಡದೆ ಕೈ ತೋರಿಸುತ್ತಿದ್ದ ಮನುಷ್ಯ!

"ಮುಂದಿನ ತಿಂಗಳು ಕೋರ್ಟಿನ ಮೇಲ್ಛಾವಣಿ ಕೆಲಸ ಶುರು. ಸುಣ್ಣ ಜೋಪಾನ ಅಮ್ಮ. ಬೇರೆ ಎಲ್ಲೂ ಇಲ್ಲ," ಎಂದು ಹೇಳಿ ಹೋದರು.

ಅವತ್ತಿನಿಂದ ನೀರು ಹಾಕಲಿಲ್ಲ. ಮುಚ್ಚಿದ್ದ ಹಲಗೆಯನ್ನೂ ಎಳೆದು ಬಿಸಿಲಿಗೆ ಬಿಟ್ಟೆ.

ಮೇಡಂ ಇಬ್ಬರು ಆಳುಗಳ ಜೊತೆ ಮತ್ತೆ ಬಂದಾಗ ಗುಂಡಿಯ ಮೇಲ್ಮೈ ಬಿರುಕು ಬಿಟ್ಟಿತ್ತು. ಅವರು ಹಾಗೇ ನೆಲಕ್ಕೆ ಕೂತುಬಿಟ್ಟರು.

"ಏನಮ್ಮ ಇದು?"

"ನಾನೇ ಒಣಗಿಸಿದ್ದು."

"ಯಾಕೆ?"

"ಆ ಕಟ್ಟಡಕ್ಕೆ ಮೂವತ್ತೊಂದು ವರ್ಷ ಕೊಟ್ರು. ಹಾಡೂ ಅದಕ್ಕೇ ಕೊಟ್ರು. ನಂಗೆ ಒಂದು ಗೋಡೆ ಕೊಡಲಿಲ್ಲ."

ಒಬ್ಬ ಆಳು ಸಲಿಕೆ ಇಳಿಸಿ ನೋಡಿದ. ಮೊಳದ ಕೆಳಗೆ ಬೆಳ್ಳಗೆ, ಬೆಣ್ಣೆಯ ಹಾಗೆ ಬಂತು. "ಅರ್ಧ ಉಳಿದಿದೆ ಮೇಡಂ," ಎಂದ. ಇವರ ಕೈ ಕಲಸಿದ ಸುಣ್ಣ. ಕಣ್ಣು ತುಂಬಿತು. ಬಾಯಿ ಮಾತ್ರ ಜಗಳಕ್ಕೇ ನಿಂತಿತ್ತು.

"ಮೊದಲ ಬಾಂಡ್ಲಿ ನನ್ನ ಅಡುಗೆಮನೆಗೆ. ಇಲ್ಲಾಂದ್ರೆ ಉಳಿದಿದ್ದಕ್ಕೂ ಬೂದಿ ಸುರೀತೀನಿ."

"ಸರ್ಕಾರಿ ಸುಣ್ಣ ಅಮ್ಮ. ಮನೆಗೆ ಬಳಸೋ ಹಾಗಿಲ್ಲ."

"ಗೋಡೆ ಮತ್ತೆ ಯಾರದ್ದು, ನಮ್ಮಪ್ಪಂದಾ?"

ಆಳುಗಳು ಮುಖ ತಿರುಗಿಸಿ ನಕ್ಕರು. ಮೇಡಂ ಆಫೀಸಿಗೆ ಫೋನು ಮಾಡಿ ಹಳೆಯ ಅರ್ಜಿ ಹುಡುಕಿಸಿದರು. ಒಂದಲ್ಲ, ಆರು ಇದ್ದವು. ವರ್ಷಕ್ಕೊಂದು. ಇವರು ನನಗೆ ಸುಳ್ಳು ಹೇಳಿರಲಿಲ್ಲ. ಮೇಡಂ ಅವತ್ತೇ ಸಹಿ ಹಾಕಿದರು.

ಗಾರೆ ಎರಡು ದಿನದಲ್ಲಿ ಮುಗಿಯಿತು. ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ, ಒಲೆಯ ಹಿಂದೆ ಮುಖ ಕಾಣುವ ಹಾಗೆ ಮಾಡಿಕೊಟ್ಟರು. ಉಳಿದ ಸುಣ್ಣ ಲಾರಿ ಹತ್ತಿ ಕೋರ್ಟಿಗೆ ಹೋಯಿತು. ನಾನು ಬಾಗಿಲಿಗೂ ಬರಲಿಲ್ಲ.

ಈಗ ಸಾಮಾನು ಕಟ್ಟುತ್ತಿದ್ದೇನೆ. ನೌಕರ ಸತ್ತರೆ ಕ್ವಾರ್ಟರ್ಸ್ ಮೂರು ತಿಂಗಳಷ್ಟೇ. ಇವರ ಜಾಗಕ್ಕೆ ಬರುವ ಗಾರೆಯವನ ಹೆಂಡತಿ ನಿನ್ನೆ ಮನೆ ನೋಡಲು ಬಂದಿದ್ದಳು. ಚಿಕ್ಕ ವಯಸ್ಸು, ನಗುಮುಖ. ನೇರ ಅಡುಗೆಮನೆಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು.

"ಎಷ್ಟು ತಣ್ಣಗಿದೆ ಅಕ್ಕಾ!"

"ಕೈ ತೆಗಿ," ಎಂದೆ.