ಕರೆಂಟು ಹೋದ ಮೇಲಿನ ಆಟ

ಮೊನ್ನೆ ರಾಯಚೂರಿನ ಸ್ಟೇಷನ್ ರಸ್ತೆಯ ಕಡೆ ಮಿಕ್ಸರ್ ರಿಪೇರಿಗೆ ಕೊಡಲು ಹೋಗಿದ್ದೆ. ಅಂಗಡಿಯ ಮೂಲೆಯಲ್ಲಿ ಹಳೆಯ ರೇಡಿಯೊಗಳು, ಮುರಿದ ರಿಮೋಟುಗಳು ರಾಶಿ ಬಿದ್ದಿದ್ದವು. ಅವುಗಳ ನಡುವೆ ಒಂದು ಹಳದಿ ಬಣ್ಣದ ಗೇಮ್ ಕ್ಯಾಸೆಟ್. ಕೈಗೆತ್ತಿಕೊಂಡವಳು ಯೋಚನೆಯೇ ಇಲ್ಲದೆ, ಚಿಕ್ಕಂದಿನಲ್ಲಿ ಆಟ ಹಚ್ಚುವ ಮೊದಲು ಮಾಡುತ್ತಿದ್ದ ಹಾಗೆ, ಅದರ ತೆರೆದ ಬಾಯಿಗೆ ಉಫ್ ಎಂದು ಊದಿದೆ. ಧೂಳು ಎದ್ದು, ಹಳೆ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಂತು. "ಅದು ನಡಿಯಂಗಿಲ್ಲರೀ ಮೇಡಮ್, ಬಿಡ್ರಿ" ಎಂದ ಅಂಗಡಿಯವನು. ನಾನು ಆಗಲೇ ಮಾನ್ವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದೆ… ಪಕ್ಕದಲ್ಲಿ ಸಣ್ಣವ್ವ.

ಸಣ್ಣವ್ವ ಎಂದರೆ ನನ್ನ ಕಾಕಾನ ಹೆಂಡತಿ. ದೇವದುರ್ಗದ ಆಚೆ, ಕೃಷ್ಣೆಯ ದಂಡೆಯ ಹಳ್ಳಿಯವಳು. ನಮ್ಮ ಅಜ್ಜ ಹಿರೇಕೊಟ್ನೆಕಲ್ಲಿನಲ್ಲಿ ಕುರಿ ಕಾಯುತ್ತಿದ್ದವನು. ಅಪ್ಪ ಮತ್ತು ಕಾಕಾ ಮಾನ್ವಿಗೆ ಬಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಸೇರಿ, ಒಂದೇ ಮನೆಯಲ್ಲಿ ಇದ್ದರು. ಸಣ್ಣವ್ವ ಮದುವೆಯಾಗಿ ಬಂದಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಎತ್ತರದ ಹೆಂಗಸು. ಮಾತು ಜೋರು, ನಗು ಇನ್ನೂ ಜೋರು. ರೊಟ್ಟಿ ಬಡಿಯುವಾಗಲೂ ಏನಾದರೂ ಕೇಳುತ್ತಲೇ ಇರುತ್ತಿದ್ದಳು. ಚಂದ್ರ ಯಾಕೆ ನಮ್ಮ ಹಿಂದೆ ಬರುತ್ತಾನೆ, ರೈಲಿಗೆ ದಾರಿ ಯಾರು ಹೇಳುತ್ತಾರೆ, ಇಂಥವು.

ಅವಳಿಗೆ ಒಬ್ಬನೇ ತಮ್ಮ. ನಾವು ಮಾಮಾ ಎನ್ನುತ್ತಿದ್ದೆವು. ಊರಿನ ಬೇರೆ ಹುಡುಗರ ಹಾಗೆ ಅವನೂ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಒಂದು ಯುಗಾದಿಗೆ ಬಂದವನು ಅಕ್ಕನ ಕೈಗೆ ದೊಡ್ಡದೊಂದು ಡಬ್ಬಿ ಕೊಟ್ಟ. ಸೀರೆ ಇರಬೇಕೆಂದು ನಾವೆಲ್ಲ ಸುತ್ತ ನೆರೆದೆವು. ಒಳಗೆ ಟಿವಿಗೆ ಹಚ್ಚಿ ಆಡುವ ಗೇಮು!

"ಹುಚ್ಚಪ್ಪಾ, ನನಗ ಯಾಕೋ ಇದು?" ಎಂದಳು ಸಣ್ಣವ್ವ.

"ಸೀರಿ ಎಲ್ಲಾರೂ ತರ್ತಾರಬೇ ಅಕ್ಕ. ಇದನ್ನ ಯಾರು ತರ್ತಾರ? ನೀ ಆಡು" ಎಂದ ಮಾಮಾ.

ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟ ಎಂದು ಬರೆದಿತ್ತು. ಇದ್ದದ್ದು ಬೆರಳೆಣಿಕೆಯಷ್ಟು, ಅವೇ ತಿರುತಿರುಗಿ ಬರುತ್ತಿದ್ದವು. ನಮಗೆ ಇಷ್ಟವಾದದ್ದು ಒಬ್ಬ ಪುಟ್ಟ ಮನುಷ್ಯ ಓಡುತ್ತ, ಗುಂಡಿ ಹಾರುತ್ತ ಹೋಗುವ ಆಟ. ನನಗೂ ನನ್ನ ಅಣ್ಣನಿಗೂ ರಿಮೋಟಿಗಾಗಿ ದಿನಾ ಜಗಳ. ಸಣ್ಣವ್ವ ಮಧ್ಯಾಹ್ನದ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ನಮ್ಮಿಬ್ಬರ ನಡುವೆ ಕೂರುತ್ತಿದ್ದಳು. ಪರದೆಯ ಮನುಷ್ಯ ಹಾರುವಾಗ ಅವಳೂ ಕೂತಲ್ಲೇ ಅರ್ಧ ಏಳುತ್ತಿದ್ದಳು, ರಿಮೋಟು ತಲೆಯ ಮೇಲೆ ಹೋಗುತ್ತಿತ್ತು. ವೈರು ಜಗ್ಗಿ ಎಷ್ಟೋ ಸಲ ಇಡೀ ಮಶೀನು ಕೆಳಗೆ ಬಿದ್ದಿದೆ.

ಒಂದು ದಿನ ಅವಳು ಆಡುವುದನ್ನು ನಿಲ್ಲಿಸಿ ಕೇಳಿದಳು. "ಅಲ್ಲ, ಇಂವ ಯಾಕ ಓಡಾಕತ್ತಾನ?"

ಆ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ. ಆಟ ಇರುವುದೇ ಹಾಗೆ ಎಂದ ಅಣ್ಣ.

"ಹಂಗ ಯಾರರ ಸುಮ್ಮನ ಓಡ್ತಾರೇನು? ಎಲ್ಲಿಗೋ ಹೋಗಬೇಕಾಗೇದ ಅವಗ."

ಅವಳೇ ಕಾರಣ ಹೇಳಿದಳು. ಅವನು ದುಡಿಯಲು ಹೋದವನು, ಈಗ ಊರಿಗೆ ಬರುತ್ತಿದ್ದಾನೆ. ಕತ್ತಲಾಗುವುದರೊಳಗೆ ಮನೆ ಮುಟ್ಟಬೇಕು. ಆ ಗುಂಡಿಗಳೆಲ್ಲ ನಮ್ಮ ಕಾಲುವೆ, ಎದುರು ಬರುವ ಪ್ರಾಣಿಗಳು ಗೌಡರ ಹೊಲದ ನಾಯಿಗಳು. ಅವನಿಗೆ ತನ್ನ ತಮ್ಮನ ಹೆಸರನ್ನೇ ಇಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ಪುಟ್ಟ ಮನುಷ್ಯ ಗುಂಡಿಗೆ ಬಿದ್ದರೆ 'ಔಟಾದ' ಎನ್ನುವಂತಿರಲಿಲ್ಲ. 'ಎಡವಿದ' ಎನ್ನಬೇಕಿತ್ತು.

ಆ ಕಾಲದಲ್ಲಿ ಮಾನ್ವಿಯಲ್ಲಿ ಕರೆಂಟು ಇದ್ದಷ್ಟೇ ಹೊತ್ತು ಹೋಗಿರುತ್ತಿತ್ತು. ಆಟ ರಂಗೇರಿದಾಗಲೇ ಟಿವಿ ಟಪ್ ಎಂದು ಆರುತ್ತಿತ್ತು. ಒಮ್ಮೆ ನಾವು ಅಳುಮೋರೆ ಮಾಡಿಕೊಂಡು ಏಳುವಾಗ ಸಣ್ಣವ್ವ, "ಎಲ್ಲಿ ಹೊಂಟ್ರಿ? ಕರೆಂಟು ಹೋದರ ಅಂವ ನಿಲ್ತಾನೇನು? ಕುಂದರ್ರಿ" ಎಂದಳು. ಪಗಡಿ ಆಡುವ ಕವಡಿಗಳನ್ನು ತಂದು ನೆಲಕ್ಕೆ ಹಾಕಿದಳು. "ಈಗ ಕಾಲುವಿ ತುಂಬಿ ಹರಿಯಾಕತ್ತೇದ. ದಾಟಾಕ ಇದ್ದ ಪೂಲು ಕಿತ್ತುಹೋಗೇದ. ಏನ್ ಮಾಡ್ತಿ?"

ನಾನು ಈಜುತ್ತೇನೆ ಎಂದರೆ ಕವಡಿ ಹಾಕಬೇಕು. ಹೆಚ್ಚು ಕವಡಿ ಅಂಗಾತ ಬಿದ್ದರೆ ದಾಟಿದ ಹಾಗೆ, ಬೋರಲು ಬಿದ್ದರೆ ಹೊಸದೊಂದು ತಾಪತ್ರಯ. ಅಣ್ಣ ಜಾಣ, ಗೌಡರ ಟ್ರ್ಯಾಕ್ಟರು ಹತ್ತುತ್ತೇನೆ ಎನ್ನುತ್ತಿದ್ದ. "ಡ್ರೈವರ್ ಯಾರು? ಅಂವ ನಿನ್ನ ಯಾಕ ಹತ್ತಿಸಿಕೊಳ್ತಾನ? ಮಾತಾಡು ಅವನ ಸಂಗಾಟ" ಎಂದು ಅವಳೇ ಡ್ರೈವರ್ ಆಗಿ, ಬಾಯಲ್ಲಿ ಎಲೆಅಡಿಕೆ ಇದ್ದವರ ಹಾಗೆ ದನಿ ಬದಲಿಸಿ ಕೂರುತ್ತಿದ್ದಳು. ಕರೆಂಟು ಬಂದರೂ ನಾವು ಟಿವಿಯ ಕಡೆ ತಿರುಗುತ್ತಿರಲಿಲ್ಲ. ಕಾಕಾ ಗಿರಣಿಯಿಂದ ಬಂದು, ಹೊರಗೆ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿರುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಏನೂ ಹೇಳುತ್ತಿರಲಿಲ್ಲ.

ಎರಡು ವರ್ಷ ಹೀಗೇ ಕಳೆದವೇನೋ… ನಾನು ಆರನೆಯ ತರಗತಿಯಲ್ಲಿದ್ದಾಗ, ಮಳೆಗಾಲ ಮುಗಿಯುವ ಹೊತ್ತಿಗೆ ಪುಣೆಯಿಂದ ಸುದ್ದಿ ಬಂತು. ಮಾಮಾ ಕೆಲಸ ಮಾಡುತ್ತಿದ್ದ ಕಟ್ಟಡದ ಮೇಲಿನಿಂದ ಬಿದ್ದಿದ್ದ. ಅವನನ್ನು ಅಲ್ಲಿಯೇ ಮಣ್ಣು ಮಾಡಿದರು. ಜೊತೆಯವರು ಅವನ ಬಟ್ಟೆಯ ಚೀಲವನ್ನಷ್ಟೇ ಊರಿಗೆ ತಂದರು.

ಸಣ್ಣವ್ವ ತವರಿಗೆ ಹೋಗಿ ತಿಂಗಳ ಮೇಲೆ ಮರಳಿದಳು. ಅಷ್ಟರಲ್ಲಿ ಅವ್ವ ಗೇಮನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಳು. ನಮಗೆ ಅದರ ಮಾತೇ ಎತ್ತಬಾರದೆಂದು ಹೇಳಿದ್ದಳು. ಎತ್ತುವ ಧೈರ್ಯ ನಮಗಾದರೂ ಎಲ್ಲಿತ್ತು? ಸಣ್ಣವ್ವ ಕೆಲಸ ಮಾಡುತ್ತಿದ್ದಳು, ಉಣ್ಣುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ಅಷ್ಟು ಪ್ರಶ್ನೆ ಕೇಳುತ್ತಿದ್ದ ಹೆಂಗಸು ಸುಮ್ಮನಾದರೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನನಗೆ ಆಗ ತಿಳಿಯಿತು.

ಚಳಿಗಾಲದ ಒಂದು ಸಂಜೆ ಕರೆಂಟು ಹೋಯಿತು. ಅವ್ವ ಕಂದೀಲು ಹಚ್ಚಿಟ್ಟು ಹಿತ್ತಲಿಗೆ ಹೋದಳು. ಸಣ್ಣವ್ವ ಗೋಡೆಗೆ ಒರಗಿ ಕೂತಿದ್ದವಳು ಇದ್ದಕ್ಕಿದ್ದಂತೆ ನನ್ನನ್ನು ನೋಡಿ, "ಅಂವ ಎಲ್ಲಿತನ ಬಂದಿದ್ದ?" ಎಂದಳು.

ನನಗೆ ಅರ್ಥವಾಯಿತು. ಅಣ್ಣ ನೆಲ ನೋಡುತ್ತ ಕೂತ.

"ಹೊಳಿತನ" ಎಂದೆ. ಕೃಷ್ಣೆ ದಾಟಿದರೆ ದೇವದುರ್ಗದ ಸೀಮೆ, ಅಲ್ಲಿಂದ ಅವಳ ತವರು ಬಲು ದೂರವಿಲ್ಲ. ಆಟ ಅಲ್ಲಿಗೆ ನಿಂತಿತ್ತು.

"ಕವಡಿ ತಗೊಂಡು ಬಾ. ಇವತ್ತ ನೀ ಹೇಳು, ನಾ ಆಡ್ತೀನಿ."

ಅದುವರೆಗೂ ಹೇಳುವವಳು ಯಾವಾಗಲೂ ಅವಳೇ. ನಾನು ಕವಡಿ ತಂದು ಅವಳ ಕೈಗೆ ಕೊಟ್ಟೆ. ಹೊಳೆ ತುಂಬಿದೆ, ಸಂಜೆಯಾಗಿದೆ, ಈ ದಂಡೆಯಲ್ಲಿ ಒಂದು ಹರಿಗೋಲಿದೆ ಎಂದೆ. ಹತ್ತುತ್ತಾನೆ ಎಂದಳು ಸಣ್ಣವ್ವ. ಕವಡಿ ಹಾಕಿದಳು.

ಎಲ್ಲವೂ ಬೋರಲು.

"ಇನ್ನೊಮ್ಮಿ ಹಾಕು ಸಣ್ಣವ್ವ, ಅದು ಆಟಕ್ಕಿಲ್ಲ" ಎಂದ ಅಣ್ಣ.

"ಬ್ಯಾಡ. ಬಿದ್ದದ್ದು ಬಿದ್ದಂಗ" ಎಂದಳು ಅವಳು. ನನ್ನನ್ನೇ ನೋಡುತ್ತಿದ್ದಳು. "ಹೇಳು. ಏನಾತು?"

ನನಗಾಗ ಹನ್ನೊಂದೋ ಹನ್ನೆರಡೋ ವರ್ಷ. ಆ ಮುಖದ ಎದುರು ಹರಿಗೋಲು ಮುಳುಗಿಸುವುದು ನನ್ನಿಂದಾಗದು. ದಾಟಿದ ಎಂದು ಸುಳ್ಳು ಹೇಳಿದರೆ ಅವಳು ಒಪ್ಪುವವಳಲ್ಲ.

"ಹರಿಗೋಲಿನವ ಬಿಡವಲ್ಲ. ನೀರು ಇಳಿಯೋತನ ಆಗಂಗಿಲ್ಲ ಅಂದ" ಎಂದೆ. "ಅಂವ ದಂಡಿ ಮ್ಯಾಲ ಕುಂತಾನ."

ಸಣ್ಣವ್ವ ಕವಡಿಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಆಮೇಲೆ ಕೇಳಿದಳು. "ಹೊಟ್ಟಿಗಿ ಏನರ ಅದೇನು ಅವನ ಹತ್ರ?"

"ರೊಟ್ಟಿ ಅದ. ಹಚ್ಕೊಳ್ಳಾಕ ಶೇಂಗಾ ಹಿಂಡಿ ಅದ."

"ಹೊದಿಯಾಕ?"

"ಕಂಬಳಿ ಅದ. ಅಜ್ಜನ ಕಂಬಳಿ."

"ಒಬ್ಬನ ಅದಾನೇನು?"

"ಇಲ್ಲ. ಕುರಿ ಕಾಯಾವ್ರು ಅದಾರ ಅಲ್ಲಿ. ಬೆಂಕಿ ಹಾಕ್ಯಾರ. ಇವನ್ನೂ ಕರದ್ರು, ಬಾರಪಾ ಕುಂದ್ರು ಅಂತ."

"ಕುಂದ್ರಲಿ" ಎಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಸುದ್ದಿ ಬಂದ ದಿನ ಕೂಗಾಡಿ ಅತ್ತಿದ್ದನ್ನು ನೋಡಿದ್ದೆ. ಇದು ಹಾಗಿರಲಿಲ್ಲ. ಮಳೆ ಹಿಡಿದ ಹಾಗೆ, ಮೆಲ್ಲಗೆ, ಬಹಳ ಹೊತ್ತು. ನಾನು ಹೆದರಿ ಎದ್ದು ಹೋಗಲು ನೋಡಿದರೆ ಅವಳು ನನ್ನ ಕೈ ಹಿಡಿದು ಕೂರಿಸಿಕೊಂಡಳು. ಹೊರಗೆ ಕಟ್ಟೆಯ ಮೇಲೆ ಕಾಕಾ ಕೆಮ್ಮಿದ್ದು ಕೇಳಿಸಿತು.

ಮರುದಿನ ಶಾಲೆಯಿಂದ ಬರುವಷ್ಟರಲ್ಲಿ ಅವಳೇ ಕವಡಿ ಹಿಡಿದು ಕೂತಿದ್ದಳು. ಕರೆಂಟು ಇತ್ತು. ನೀರು ಇಳಿದಿದೆಯೇ ಎಂದು ಕೇಳಿದಳು. ಇಳಿದಿದೆ ಎಂದೆ. ಹಾಕಿದಳು. ಈ ಸಲ ಮಾಮಾ ಹೊಳೆ ದಾಟಿದ. ದಾರಿಯಲ್ಲಿ ಬೇವಿನ ಮರ, ಬಾವಿ, ಹನುಮಪ್ಪನ ಗುಡಿ… ಅವಳ ಊರು ಹೇಗಿದೆಯೆಂದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ತಪ್ಪು ಹೇಳಿದಾಗ ತಿದ್ದುತ್ತ ಬಂದಳು. ಮಾಮಾ ಮನೆಯ ಬಾಗಿಲ ತನಕ ಬಂದ ಮೇಲೆ ಕವಡಿಯನ್ನು ಕೆಳಗಿಟ್ಟಳು.

"ಮುಟ್ಟಿದನಲ್ಲ, ಸಾಕು" ಎಂದಳು.

ಒಂದು ವಾರದ ಮೇಲೆ ಅವ್ವ ಗೇಮನ್ನು ಅಟ್ಟದಿಂದ ಇಳಿಸಿದಳು. ಆ ಪುಟ್ಟ ಮನುಷ್ಯನಿಗೆ ಮತ್ತೆ ಹೆಸರಿಡಲಿಲ್ಲ. ಸಣ್ಣವ್ವ ಬೇರೆ ಬೇರೆ ಕತೆ ಹೂಡಿದಳು. ಪ್ರಶ್ನೆ ಕೇಳುವುದೂ ಮೆಲ್ಲಗೆ ಶುರುವಾಯಿತು.

ನಾನು ಓದಲು ರಾಯಚೂರಿಗೆ ಬಂದೆ. ಹಾಸ್ಟೆಲಿನ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿ, ನಾವೇ ದಾರಿ ಆರಿಸಿಕೊಂಡು ಹೋಗುವ ಆಟಗಳನ್ನು ಮೊದಲು ಕಂಡೆ. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಮದುವೆಯಾಯಿತು, ಕಾಲೇಜಿನಲ್ಲಿ ಭೂಗೋಳ ಕಲಿಸುವ ಕೆಲಸ ಸಿಕ್ಕಿತು, ಮಗಳು ಹುಟ್ಟಿದಳು. ಆಟಗಳು ಜೊತೆಗೇ ಬಂದವು. ಹಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರು ಹೈದರಾಬಾದಿನಿಂದ ಬಹಳ ಮುಖಗಳಿರುವ ದಾಳಗಳನ್ನು ತಂದರು. ಒಬ್ಬರು ಕತೆ ಹೇಳಬೇಕು, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಬೇಕು, ಆಗುತ್ತದೋ ಇಲ್ಲವೋ ದಾಳ ತೀರ್ಮಾನಿಸುತ್ತದೆ ಎಂದು ಹೊಸ ಆಟದ ನಿಯಮ ವಿವರಿಸಿದರು. ನಾನು ನಗತೊಡಗಿದೆ. ಎಲ್ಲರೂ ನನ್ನನ್ನೇ ನೋಡಿದರು. ಇದು ನಮ್ಮ ಮನೆಯ ಆಟ, ನನ್ನ ಸಣ್ಣವ್ವ ಆಡಿಸುತ್ತಿದ್ದಳು ಎಂದರೆ ಯಾರೂ ನಂಬಲಿಲ್ಲ.

ಸಣ್ಣವ್ವನಿಗೆ ವಯಸ್ಸಾದ ಮೇಲೆ ಸಕ್ಕರೆ ಕಾಯಿಲೆ ಬಂತು. ದವಾಖಾನೆಗೆಂದು ರಾಯಚೂರಿಗೆ ಬಂದರೆ ನಮ್ಮಲ್ಲಿ ವಾರಗಟ್ಟಲೆ ಉಳಿಯುತ್ತಿದ್ದಳು. ಭಾನುವಾರ ಗೆಳೆಯರು ಆ ದಾಳದ ಆಟ ಆಡಲು ಬಂದಾಗ ಅವಳೂ ಮೇಜಿನ ಬಳಿ ಕುರ್ಚಿ ಎಳೆದುಕೊಳ್ಳುತ್ತಿದ್ದಳು. ಆಗ ನಂಬಿದರು ಎಲ್ಲರೂ. ಖಡ್ಗದವರು, ಮಂತ್ರಗಾರರು ತುಂಬಿದ ಆ ಮೇಜಿನಲ್ಲಿ ಅವಳದು ಯಾವಾಗಲೂ ಪೇಟೆಗೆ ಬೆಣ್ಣೆ ಮಾರಲು ಹೊರಟ ಮುದುಕಿಯ ಪಾತ್ರ. ಕಾವಲಿನವರನ್ನೆಲ್ಲ ಮಾತಲ್ಲೇ ಸೋಲಿಸಿ ಕೋಟೆಯ ಒಳಗೆ ನುಗ್ಗುತ್ತಿದ್ದಳು.

ನನ್ನ ಮಗಳು ಅವಳಿಗೆ ಈಗಿನ ವಿಡಿಯೊ ಗೇಮು ಕಲಿಸಿದಳು. ಬೆಟ್ಟ, ಕಾಡು, ಊರುಗಳಿರುವ ದೊಡ್ಡ ಪ್ರಪಂಚ ಅದು. ಸಣ್ಣವ್ವ ಅದರಲ್ಲಿ ಮೊದಲು ಕಂಡದ್ದು ಬಯಲಲ್ಲಿ ಮೇಯುತ್ತಿದ್ದ ಕುರಿಗಳನ್ನು.

"ಇವನ್ನ ಕಾಯಾವ್ರು ಯಾರೂ ಇಲ್ಲೇನ್ ಬೇ?"

"ಅಜ್ಜಿ, ಅಲ್ಲಿ ರಾಕ್ಷಸ ಊರು ಸುಡಾಕತ್ತಾನ! ನೀ ಕುರಿ ಹೊಡ್ಕೋತ ಹೊಂಟಿ!"

"ಸುಡಲಿ ತಡಿ. ಮೊದಲ ಇವು ದೊಡ್ಡಿ ಸೇರ್ಲಿ, ಆಮ್ಯಾಲ ಅವನ ಕಡಿಗಿ ನೋಡಮು."

ಇಡೀ ಮಧ್ಯಾಹ್ನ ಕೂತು, ಕುರಿಗಳನ್ನು ಒಂದೊಂದಾಗಿ ಪಾಳುಗೋಡೆಯ ಒಳಗೆ ಅಟ್ಟಿದಳು. ಒಳಗೆ ಹೋದದ್ದು ಮತ್ತೆ ಹೊರಗೆ ಬರುತ್ತಿತ್ತು, ಬೈಯುತ್ತಿದ್ದಳು, ಮತ್ತೆ ಅಟ್ಟುತ್ತಿದ್ದಳು. ಮಗಳು ಮೊದಲು ಸಿಟ್ಟಾಗಿ, ಆಮೇಲೆ ನಕ್ಕು, ಕೊನೆಗೆ ತಾನೂ ಇನ್ನೊಂದು ಕಡೆಯಿಂದ ಅಡ್ಡಗಟ್ಟಿ ನಿಂತಳು.

ಸಣ್ಣವ್ವ ಹೋಗಿ ಮೂರು ವರ್ಷವಾಗುತ್ತ ಬಂತು. ಮಾನ್ವಿಯಲ್ಲೇ, ಬೆಳಿಗ್ಗೆ ಚಹಾ ಕುಡಿದು ಮಲಗಿದವಳು ಏಳಲಿಲ್ಲ. ಭಾನುವಾರದ ಆಟಕ್ಕೆ ಕತೆ ಹೇಳುತ್ತಿದ್ದವಳು ನಾನೇ, ಕೆಲವು ತಿಂಗಳು ಹೇಳಲಿಲ್ಲ. ಗೆಳೆಯರು ಒತ್ತಾಯ ಮಾಡಲಿಲ್ಲ. ಭಾನುವಾರ ಬಂದು ಚಹಾ ಕುಡಿದು ಹೋಗುತ್ತಿದ್ದರು. ಆಮೇಲೆ ಒಂದು ದಿನ ಮಗಳೇ ದಾಳಗಳನ್ನು ಮೇಜಿನ ಮೇಲೆ ಸುರಿದಳು, ಶುರುವಾಯಿತು.

ಕಾಕಾ ಈಗ ನನ್ನ ಅಣ್ಣ-ಅತ್ತಿಗೆಯ ಜೊತೆ ಮಾನ್ವಿಯಲ್ಲೇ ಇದ್ದಾನೆ. ಮಾತು ಮೊದಲಿನಂತೆಯೇ ಕಡಿಮೆ. ಆದರೆ ಪ್ರತಿ ಭಾನುವಾರ ಸಂಜೆ ಅವನ ಫೋನ್ ಬರುತ್ತದೆ. ಸಣ್ಣವ್ವ ಇದ್ದಾಗ ರಾಯಚೂರಿನಿಂದ ಮರಳಿದ ದಿನವೆಲ್ಲ ಆಟದಲ್ಲಿ ಏನೇನಾಯಿತೆಂದು ಅವನಿಗೆ ಹೇಳುತ್ತಿದ್ದಳಂತೆ. ಅದು ನನಗೆ ಗೊತ್ತೇ ಇರಲಿಲ್ಲ.

ಕಳೆದ ಭಾನುವಾರವೂ ಮಾಡಿದ. "ಏನಾತವಾ ಇವತ್ತ?" ಎಂದ. ಆಟದಲ್ಲಿ ನಮ್ಮವರು ಒಂದು ಸೇತುವೆಯ ಬಳಿ ಕಳ್ಳರ ಕೈಗೆ ಸಿಕ್ಕಿಬಿದ್ದದ್ದನ್ನು ಹೇಳಿದೆ. ಅವನು ಹೂಂಗುಟ್ಟುತ್ತ ಪೂರ್ತಿ ಕೇಳಿದ.

"ಆಕಿ ಇದ್ದಿದ್ರ ಕಳ್ಳರ ಸಂಗಾಟ ಜಗಳ ತಗದು ಬರ್ತಿದ್ಲು" ಎಂದ.

"ಹೌದು ಕಾಕಾ."

"ಏನಂತಿದ್ಲು?"

ನಾನು ಹೇಳಲು ಬಾಯಿ ತೆರೆದೆ. ಅವಳ ಹಾಗೆ ಮಾತಾಡಬೇಕೆಂದು ನೋಡಿದೆ. ಡ್ರೈವರಿನ ದನಿ, ಕಾವಲಿನವನ ದನಿ, ಹರಿಗೋಲಿನವನ ದನಿ ಎಲ್ಲವನ್ನೂ ನಾನು ತೆಗೆಯಬಲ್ಲೆ, ಇಷ್ಟು ವರ್ಷ ತೆಗೆದಿದ್ದೇನೆ. ಅವಳ ದನಿ ಮಾತ್ರ ಬರಲಿಲ್ಲ…

"ಗೊತ್ತಿಲ್ಲ ಕಾಕಾ" ಎಂದೆ.

"ನನಗೂ" ಎಂದ ಅವನು. ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಆಡುತ್ತೀರಿ ಎಂದು ಕೇಳಿದ. ಬಸ್ಸು ಹತ್ತಿ ತಾನೂ ಬರುತ್ತೇನೆ, ಆಡುವುದಿಲ್ಲ, ಸುಮ್ಮನೆ ಕೂರುತ್ತೇನೆ ಎಂದ.